ರಾತ್ರಿ ನಲ್ಲಿ ತಿರುಗಿಸಿದರೆ ಇಡೀ ಟ್ರೇಲರ್ ಎದ್ದು ಕೂರುತ್ತದೆ

ಪ್ರಶ್ನೆ: ನಮ್ಮದು ಹಳೆಯ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಯಂಥ ಗಾಡಿ. ನೀರಿನ ಪಂಪು ಮಂಚದ ಕೆಳಗಿನ ಗೂಡಿನಲ್ಲಿದೆ. ರಾತ್ರಿ ಯಾರಾದರೂ ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಸಾಕು, ಟರ್ರ್ ಎಂದು ಗೋಡೆಯೆಲ್ಲ ನಡುಗಿ ಮಗು ಎದ್ದುಬಿಡುತ್ತದೆ. ಸ್ಕ್ರೂ ಸಡಿಲ ಇರಬಹುದು ಅಂತ ಎಲ್ಲವನ್ನೂ ಬಿಗಿ ಮಾಡಿದೆ. ಸದ್ದು ಇನ್ನೂ ಜಾಸ್ತಿ ಆಯಿತು! ಸಣ್ಣಗೆ ನೀರು ಬಿಟ್ಟರೆ ಪಂಪು ಟಕ್ ಟಕ್ ಎಂದು ನಿಂತು ನಿಂತು ಓಡುತ್ತದೆ. ಒಮ್ಮೊಮ್ಮೆ ನಡುರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಅರೆಕ್ಷಣ ಕೂಗಿ ಸುಮ್ಮನಾಗುತ್ತದೆ. ಹೊಸ ಪಂಪು ಹಾಕಿಸಬೇಕಾ? ಅಥವಾ ಗೂಡಿನ ತುಂಬ ಸ್ಪಾಂಜು ತುರುಕಿದರೆ ಸಾಕಾ?

ಉತ್ತರ: ಎರಡೂ ಬೇಡ. ಸ್ಪಾಂಜಂತೂ ಬೇಡವೇ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ನೀವು ಒಂದೇ ಪ್ರಶ್ನೆಯಲ್ಲಿ ಮೂರು ಸದ್ದು ಹೇಳಿದ್ದೀರಿ. ಗೋಡೆ ನಡುಗುವುದು ಒಂದು. ಸಣ್ಣ ನೀರಿಗೆ ಟಕ್ ಟಕ್ ಅನ್ನುವುದು ಇನ್ನೊಂದು. ನಡುರಾತ್ರಿ ತಾನಾಗಿ ಕೂಗುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಮೊದಲನೆಯದು ಹೋದರೆ ಮಗುವಿನ ನಿದ್ದೆ ಮುಕ್ಕಾಲು ಪಾಲು ಉಳಿಯುತ್ತದೆ. ಹಾಗಾಗಿ ಅದರ ಹತ್ತಿರವೇ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಏನನ್ನೂ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಂಪಿನ ಸ್ವಿಚ್ಚು ಆರಿಸಿ, ಅದನ್ನು ಹಲಗೆಗೆ ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ. ಪೈಪು, ವೈರು ಹಾಗೇ ಇರಲಿ. ಪಂಪನ್ನು ಒಂದೆರಡು ಇಂಚು ಮೇಲೆತ್ತಿ ಅಂಗೈಯಲ್ಲಿ ಹಿಡಿದುಕೊಳ್ಳಿ. ಈಗ ಮನೆಯವರಿಗೆ ಸ್ವಿಚ್ಚು ಹಾಕಿ ಒಂದು ನಲ್ಲಿಯನ್ನು ಪೂರ್ತಿ ತಿರುಗಿಸಲು ಹೇಳಿ. ನಾನು ಇದನ್ನು ಎಷ್ಟೋ ಗಾಡಿಗಳಲ್ಲಿ ಮಾಡಿ ತೋರಿಸಿದ್ದೇನೆ. ಆಗ ಗಾಡಿಯವರ ಮುಖ ನೋಡಬೇಕು. ಗೋಡೆ ನಡುಗಿಸುತ್ತಿದ್ದ ಪಂಪು ಕೈಯಲ್ಲಿ ಸುಮ್ನೆ ಗುಂಯ್ ಅನ್ನುತ್ತಿರುತ್ತದೆ. ಹಾಗೇ ಹಿಡಿದುಕೊಂಡು ಮೆಲ್ಲಗೆ ಹಲಗೆಗೆ ತಾಗಿಸಿ ನೋಡಿ. ತಾಗಿದ ಕೂಡಲೇ ಟರ್ರ್ ಶುರು. ಎತ್ತಿದರೆ ನಿಂತಿತು. ಅಲ್ಲಿಗೆ ಕಳ್ಳ ಸಿಕ್ಕಿದ ಹಾಗೆ.

ಎತ್ತಲು ಹೋದರೆ ಪಂಪು ಅಲ್ಲಾಡುವುದೇ ಇಲ್ಲ, ಪೈಪುಗಳೇ ಅದನ್ನು ಬಿಗಿದು ಹಿಡಿದಿವೆ ಅನ್ನಿಸಿತಾ? ಹಾಗಾದರೆ ಕಳ್ಳರು ಇಬ್ಬರು. ಹಲಗೆಯ ಜೊತೆ ಪೈಪೂ ಸೇರಿಕೊಂಡಿದೆ.

ಯಾಕೆ ಹೀಗೆ ಅಂತ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಈ ಗಾಡಿಗಳಲ್ಲಿ ಇರುವುದು 12 ವೋಲ್ಟಿನ ಡಯಾಫ್ರಮ್ ಪಂಪು. ಮೋಟರಿನ ಮುಂದೆ ಮುಷ್ಟಿಯಷ್ಟು ದೊಡ್ಡ ಒಂದು ತಲೆ. ಅದರೊಳಗೆ ಮೂರೋ ನಾಲ್ಕೋ ಪುಟ್ಟ ಕೋಣೆಗಳು, ಪ್ರತಿಯೊಂದಕ್ಕೂ ರಬ್ಬರಿನ ಪೊರೆ. ಮೋಟರು ತಿರುಗಿದಂತೆ ಓರೆಯಾಗಿ ಕೂತ ಒಂದು ಚಕ್ರ ಆ ಪೊರೆಗಳನ್ನು ಸರದಿಯಂತೆ ಒತ್ತುತ್ತದೆ. ಹಾಲು ಕರೆಯುವಾಗ ಒಂದಾದ ಮೇಲೊಂದು ಮೊಲೆ ಹಿಂಡಿದ ಹಾಗೆ. ನೀರು ಬರುವುದು ಧಾರೆಯಾಗಿ ಅಲ್ಲ, ಚರ್ ಚರ್ ಎಂದು ತಳ್ಳುಗಳಾಗಿ. ಒಂದು ಸೆಕೆಂಡಿಗೆ ಎಷ್ಟೋ ತಳ್ಳು. ಒಂದೊಂದು ತಳ್ಳಿಗೂ ಪಂಪಿನ ಮೈ ಅದುರುತ್ತದೆ, ಮುಂದಿನ ಪೈಪೂ ಅದುರುತ್ತದೆ.

ಇಷ್ಟು ಅದುರಾಟಕ್ಕೆ ತನ್ನದೇ ದೊಡ್ಡ ಸದ್ದಿಲ್ಲ. ಆದರೆ ಟ್ರೇಲರ್ ಅಂದರೆ ಏನು? ತೆಳುವಾದ ಪ್ಲೈವುಡ್ಡು, ಅದರ ಹಿಂದೆ ಟೊಳ್ಳು. ಗೋಡೆಯೂ ಅಷ್ಟೇ, ಮಂಚದ ಪೆಟ್ಟಿಗೆಯೂ ಅಷ್ಟೇ. ತಮಟೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಪಂಪು ಕೋಲು, ನಿಮ್ಮ ಮಂಚ ತಮಟೆ. ಕೋಲನ್ನು ಬದಲಾಯಿಸಿದರೆ ಏನು ಬಂತು? ಅದು ಚರ್ಮಕ್ಕೆ ತಾಗದ ಹಾಗೆ ಮಾಡಬೇಕು. ಹೊಸ ಪಂಪು ಬೇಡ ಅಂದಿದ್ದು ಅದಕ್ಕೇ.

ಈಗ ನೀವು ಬಿಗಿ ಮಾಡಿದ ಸ್ಕ್ರೂಗಳ ವಿಷಯ. ಪಂಪಿನ ಕೆಳಗೆ ರಬ್ಬರಿನ ಕಾಲುಗಳಿವೆಯಲ್ಲ, ಅವು ಮೆತ್ತಗೆ, ಉಬ್ಬಿಕೊಂಡು ಇರಬೇಕು. ಅದುರಾಟವನ್ನು ನುಂಗುವುದು ಅವೇ. ಸ್ಕ್ರೂವನ್ನು ಕೊನೆಯವರೆಗೆ ಬಿಗಿದರೆ ರಬ್ಬರು ಚಪ್ಪಟೆಯಾಗಿ ಕಲ್ಲಿನಂತಾಗುತ್ತದೆ. ಅಲ್ಲಿಂದಾಚೆ ಪಂಪಿನ ಅದುರು ಸ್ಕ್ರೂವಿನ ಮೂಲಕ ನೇರ ಹಲಗೆಗೆ ಇಳಿಯುತ್ತದೆ. ನಿಮ್ಮಲ್ಲಿ ಆಗಿದ್ದು ಇದೇ. ತಪ್ಪು ತಿಳಿಯಬೇಡಿ, ಸದ್ದು ಮಾಡುವ ಯಾವುದನ್ನು ಕಂಡರೂ ಬಿಗಿ ಮಾಡುವುದು ಎಲ್ಲರ ಕೈಗೂ ಬಂದುಬಿಟ್ಟಿದೆ. ಎಷ್ಟೋ ಗಾಡಿಗಳಲ್ಲಿ ಕಾರ್ಖಾನೆಯಲ್ಲೇ ಪವರ್ ಡ್ರಿಲ್ಲಿನಿಂದ ಹೀಗೆ ಚಪ್ಪಟೆ ಮಾಡಿ ಕಳಿಸಿರುತ್ತಾರೆ.

ಸ್ಕ್ರೂ ಸಡಿಲಿಸಿ. ತಲೆಯ ಕೆಳಗಿನ ವಾಷರು ರಬ್ಬರಿಗೆ ಬರೀ ತಾಗಿ ಕೂರಬೇಕು, ಅದುಮಬಾರದು. ಪಂಪನ್ನು ಬೆರಳಿನಿಂದ ತಳ್ಳಿದರೆ ಸ್ವಲ್ಪ ತೂಗಾಡಿ ವಾಪಸ್ ಬರಬೇಕು. ರಬ್ಬರು ವರ್ಷಗಟ್ಟಲೆ ಅದುಮಿ ಗಟ್ಟಿಯಾಗಿದ್ದರೆ, ಉಗುರು ಒತ್ತಿದರೂ ತಗ್ಗದಿದ್ದರೆ, ಕಾಲುಗಳನ್ನಷ್ಟೇ ಹೊಸದು ಹಾಕಿ. ಅವು ಬಿಡಿಯಾಗಿ ಸಿಗುತ್ತವೆ.

ಇಷ್ಟಕ್ಕೇ ಸದ್ದು ಅರ್ಧ ಇಳಿಯಬಹುದು. ಇನ್ನೂ ಬೇಕು ಅಂದರೆ ಪಂಪಿಗೆ ಒಂದು ಭಾರವಾದ ಪೀಠ ಮಾಡಿ. ಮುಕ್ಕಾಲು ಇಂಚಿನ ಪ್ಲೈವುಡ್ ತುಂಡನ್ನು ಎರಡು ಪದರ ಅಂಟಿಸಿದರೂ ಆಗುತ್ತದೆ, ಒಂದು ಚಪ್ಪಡಿ ಕಲ್ಲಾದರೂ ಸರಿ. ಭಾರವಾದ ವಸ್ತು ಸುಲಭಕ್ಕೆ ಅದುರುವುದಿಲ್ಲ. ಅದರ ಕೆಳಗೆ ದಪ್ಪ ರಬ್ಬರ್ ಹಾಳೆ ಅಥವಾ ಗಟ್ಟಿ ಫೋಮ್ ಹಾಸಿ. ಆಮೇಲೆ ಜನ ಮಾಡುವ ತಪ್ಪು ಒಂದಿದೆ. ಪೀಠವನ್ನು ಉದ್ದ ಸ್ಕ್ರೂಗಳಿಂದ ನೆಲಕ್ಕೆ ಹೊಡೆದುಬಿಡುತ್ತಾರೆ. ರಬ್ಬರು ಹಾಕಿ ಕಡಿದ ಸೇತುವೆಯನ್ನು ಮತ್ತೆ ಉಕ್ಕಿನಲ್ಲಿ ಕಟ್ಟಿದ ಹಾಗೆ! ಹಾಗಂತ ಓಡುವ ಗಾಡಿಯಲ್ಲಿ ಕಲ್ಲನ್ನು ಸುಮ್ನೆ ಇಡುವ ಹಾಗೂ ಇಲ್ಲ. ಸುತ್ತ ನಾಲ್ಕು ಮರದ ಪಟ್ಟಿ ಹೊಡೆದು, ಪಟ್ಟಿಗೂ ಪೀಠಕ್ಕೂ ನಡುವೆ ಫೋಮ್ ಸಿಕ್ಕಿಸಿ, ಮೇಲೊಂದು ಬಟ್ಟೆಯ ಪಟ್ಟಿಯನ್ನು ಬಳಸಿ ಕಟ್ಟಿ. ಜಾಗ ಇಲ್ಲದೆ ಪಂಪನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಬೇಕಾಗಿ ಬಂದರೆ ಮೋಟರು ಮೇಲಿರಲಿ, ತಲೆ ಕೆಳಗಿರಲಿ. ಮುಂದೊಂದು ದಿನ ತಲೆಯಲ್ಲಿ ನೀರು ಸೋರಿದರೆ ಮೋಟರಿಗೆ ಇಳಿಯುವುದಿಲ್ಲ.

ಇನ್ನು ಎರಡನೇ ಕಳ್ಳ, ಪೈಪು. ನನ್ನ ಲೆಕ್ಕದಲ್ಲಿ ಇವನೇ ದೊಡ್ಡವನು. ಗೂಡಿನೊಳಗೆ ಟಾರ್ಚು ಹಾಕಿ ನೋಡಿ. ಪಂಪಿನಿಂದ ಹೊರಟ ಪೈಪು ಗಟ್ಟಿ ಪ್ಲಾಸ್ಟಿಕ್ಕಿನ ಪೆಕ್ಸ್ ಪೈಪಾ? ಒಂದು ಗೇಣು ಹೋಗುವುದರಲ್ಲಿ ಹಲಗೆಯ ತೂತಿನೊಳಗೆ ನುಗ್ಗಿದೆಯಾ? ಹಾಗಿದ್ದರೆ ರಬ್ಬರ್ ಕಾಲು ಎಷ್ಟೇ ಮೆತ್ತಗಿದ್ದರೂ ಪ್ರಯೋಜನ ಕಡಿಮೆ. ಪೈಪು ಒಂದು ಕೈ ಚಾಚಿ ಗೋಡೆಯನ್ನು ಹಿಡಿದುಕೊಂಡಿದೆಯಲ್ಲ.

ಇದಕ್ಕೆ ಮದ್ದು ಮೆತ್ತನೆಯ ಹೋಸು. ಪಂಪಿನ ಎರಡೂ ಕಡೆ, ಅಂದರೆ ಟ್ಯಾಂಕಿನಿಂದ ಬರುವ ಕಡೆಗೂ ನಲ್ಲಿಗೆ ಹೋಗುವ ಕಡೆಗೂ, ಸುಮಾರು 45ರಿಂದ 60 ಸೆಂಟಿಮೀಟರ್ ಬಗ್ಗುವ ಹೋಸು ಹಾಕಿ. ಒಳಗಿನ ಅಳತೆ ಅರ್ಧ ಇಂಚು ಇರಲಿ, ಅದಕ್ಕಿಂತ ಸಣ್ಣದು ಬೇಡ. ಕುಡಿಯುವ ನೀರಿಗೆ ತಕ್ಕದ್ದು ಅಂತ ಅದರ ಮೇಲೆ ಬರೆದಿರಬೇಕು. ನೂಲಿನ ಹೆಣಿಗೆ ಇರುವ ಹೋಸೇ ಆಗಬೇಕು. ಬರೀ ಮೆತ್ತನೆಯ ಟ್ಯೂಬಾದರೆ ಎಳೆಯುವ ಕಡೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ತಳ್ಳುವ ಕಡೆ ಉಬ್ಬಿ ಒಡೆಯುತ್ತದೆ. ಹೋಸನ್ನು ನೆಟ್ಟಗೆ ಎಳೆದು ಕಟ್ಟಬೇಡಿ. ದೊಡ್ಡದಾಗಿ ಒಂದು ಬಳುಕು ಕೊಡಿ, ಸಾಧ್ಯವಿದ್ದರೆ ಒಂದು ಸುತ್ತು. ಎಳೆದು ಕಟ್ಟಿದ ಹೋಸೂ ಪೈಪಿನ ಹಾಗೇ ಅದುರನ್ನು ಸಾಗಿಸುತ್ತದೆ. ಬಳುಕಿನಲ್ಲಿ ಮಡಿಕೆ ಮಾತ್ರ ಬೀಳಬಾರದು.

ಪಂಪಿನ ಬಾಯಿಗಳು ಪ್ಲಾಸ್ಟಿಕ್ಕಿನವು. ಅಲ್ಲಿ ತಿರುಗುವ ನಟ್ಟು, ಒಳಗೆ ರಬ್ಬರ್ ಸೀಲು ಇರುವ ಜೋಡಣೆಯಾದರೆ ಕೈಯಲ್ಲೇ ಬಿಗಿ ಮಾಡಿ ನಿಲ್ಲಿಸಿ. ಸ್ಪ್ಯಾನರು ಹಾಕಿದರೆ ಬಾಯಿ ಸೀಳುತ್ತದೆ. ಆ ಜಾಗಕ್ಕೆ ಟೆಫ್ಲಾನ್ ಟೇಪೂ ಬೇಡ, ಅಂಟೂ ಬೇಡ. ಅದರ ಚೂರು ಪಂಪಿನೊಳಗೆ ಹೋಗಿ ವಾಲ್ವಿಗೆ ಸಿಕ್ಕಿಕೊಂಡರೆ ಹೊಸ ರಗಳೆ. ಟ್ಯಾಂಕಿನ ಕಡೆಯ ಬಾಯಿಗೆ ಒಂದು ಪಾರದರ್ಶಕ ಜಾಲರಿ ಬಟ್ಟಲು ಇರಬೇಕು. ಅದನ್ನು ತೆಗೆದು ಎಸೆಯಬೇಡಿ. ಪಂಪಿನ ಜೊತೆ ಅದೂ ಅದುರುತ್ತದೆ, ಹಾಗಾಗಿ ಪಕ್ಕದ ಹಲಗೆಗೆ ತಾಗದ ಹಾಗೆ ಒಂದು ಬೆರಳಿನಷ್ಟು ಜಾಗ ಬಿಡಿ.

ಹೋಸು ಮುಗಿದು ಗಟ್ಟಿ ಪೈಪು ಶುರುವಾದ ಮೇಲೂ ಕೆಲಸ ಇದೆ. ಯಾರಾದರೂ ನಲ್ಲಿ ಬಿಟ್ಟಿರುವಾಗ ನೀವು ಕೈ ಹೋಗುವ ಕಡೆಯೆಲ್ಲ ಪೈಪನ್ನು ಮುಟ್ಟುತ್ತಾ ಹೋಗಿ. ಎಲ್ಲೋ ಒಂದು ಕಡೆ ಬೆರಳಿಟ್ಟ ಕೂಡಲೇ ಸದ್ದು ಕಡಿಮೆಯಾಗುತ್ತದೆ. ಅಲ್ಲೇ ಪೈಪು ಹಲಗೆಗೆ ಬಡಿಯುತ್ತಿದೆ. ಜಾಸ್ತಿ ಸಲ ಅದು ಹಲಗೆಯಲ್ಲಿ ಕೊರೆದ ತೂತಿನ ಅಂಚು. ಅಲ್ಲಿಗೆ ಫೋಮ್ ಕೊಳವೆ ಸೀಳಿ ತೊಡಿಸಿ. ಉಳಿದ ಕಡೆ ಒಳಗೆ ರಬ್ಬರಿರುವ ಕ್ಲಾಂಪು ಹಾಕಿ. ಎರಡು ಪೈಪುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ನಡುವೆ ಫೋಮ್ ತುಂಡು ಸಿಕ್ಕಿಸಿ. ಇದು ಬೇಸರದ ಕೆಲಸ. ಆದರೆ ಕೊನೆಗೆ ಉಳಿಯುವ ಆ ಹಾಳು ಕಟಕಟ ಹೋಗುವುದು ಇದರಿಂದಲೇ.

ಸ್ಪಾಂಜಿನ ವಿಷಯ ಹೇಳುತ್ತೇನೆ ಅಂದಿದ್ದೆ. ನಾನೂ ನಿಮ್ಮ ಹಾಗೇ ಯೋಚಿಸಿದ್ದೆ. ಮೊದಲ ಗಾಡಿಯಲ್ಲಿ ಪಂಪಿಗೆ ಸರಿಯಾಗಿ ಹೊಂದುವ ಡಬ್ಬ ಮಾಡಿ, ಒಳಗೆ ಆರೂ ಕಡೆ ದಪ್ಪ ಫೋಮ್ ತುಂಬಿ ಮುಚ್ಚಿದ್ದೆ. ಎರಡು ದಿನ ಹೆಮ್ಮೆಯೋ ಹೆಮ್ಮೆ. ಮೂರನೇ ದಿನ ತಲೆಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದೇನೆ, ನೀರು ನಿಂತುಹೋಯಿತು. ಮೋಟರಿನ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ, ಅದರೊಳಗಿನ ಶಾಖದ ಸ್ವಿಚ್ಚು ತಾನಾಗಿ ಆರಿ ಪಂಪನ್ನು ನಿಲ್ಲಿಸಿತ್ತು. ಕಣ್ಣುರಿಯಲ್ಲೇ ತಡಕಾಡಿ ಹೋಗಿ ಡಬ್ಬದ ಮುಚ್ಚಳ ತೆಗೆದೆ. ಮೋಟರಿನ ಮೇಲೆ ಕೈ ಇಡಲು ಆಗಲಿಲ್ಲ. ಸದ್ದೂ ಏನು ಮಹಾ ಕಡಿಮೆಯಾಗಿರಲಿಲ್ಲ, ಯಾಕೆಂದರೆ ಡಬ್ಬವನ್ನು ನೆಲಕ್ಕೆ ಬಲವಾಗಿ ಸ್ಕ್ರೂ ಹೊಡೆದಿದ್ದೆ! ಫೋಮ್ ಹಾಕುವ ಆಸೆ ಇದ್ದರೆ ಗೂಡಿನ ಬಾಗಿಲಿಗೆ, ಗೋಡೆಗೆ ಒಳಗಿನಿಂದ ಅಂಟಿಸಿ. ಪಂಪಿನ ಮೈಗೆ ತಾಗಬಾರದು, ಸುತ್ತ ಗಾಳಿ ಆಡಬೇಕು.

ಈಗ ಟಕ್ ಟಕ್. ಇದು ಪಂಪಿನ ತಪ್ಪಲ್ಲ, ಅದರ ಪ್ರೆಶರ್ ಸ್ವಿಚ್ಚು ತನ್ನ ಕೆಲಸವನ್ನು ತೀರಾ ಚುರುಕಾಗಿ ಮಾಡುತ್ತಿದೆ. ಸಾಮಾನ್ಯವಾದ ಒಂದು ಪಂಪು ನಿಮಿಷಕ್ಕೆ ಸುಮಾರು 11 ಲೀಟರ್ ತಳ್ಳುತ್ತದೆ ಅಂದುಕೊಳ್ಳಿ. ಒತ್ತಡ 55 ಪಿಎಸ್‌ಐ ಮುಟ್ಟಿದರೆ ನಿಲ್ಲುತ್ತದೆ, 40ಕ್ಕೆ ಇಳಿದರೆ ಮತ್ತೆ ಚಾಲೂ. ನೀವು ಹಲ್ಲುಜ್ಜಲು ದಾರದಷ್ಟು ನೀರು ಬಿಟ್ಟಿದ್ದೀರಿ. ಪಂಪು ಕಣ್ಣು ಮಿಟುಕಿಸುವುದರಲ್ಲಿ 55ಕ್ಕೆ ಏರಿಸಿ ನಿಂತಿತು. ಪೈಪಿನಲ್ಲಿ ಇದ್ದ ತುಸು ನೀರು ಹೊರಗೆ ಹೋಯಿತು, ಒತ್ತಡ ಬಿತ್ತು, ಮತ್ತೆ ಚಾಲೂ. ನೀರನ್ನು ಅದುಮಿ ಕೂಡಿಡಲು ಆಗುವುದಿಲ್ಲವಲ್ಲ, ಹಾಗಾಗಿ ಈ ಆಟ ನಿಲ್ಲುವುದೇ ಇಲ್ಲ.

ಗಾಳಿಯನ್ನಾದರೆ ಅದುಮಿ ಇಡಬಹುದು. ಅಕ್ಯುಮುಲೇಟರ್ ಅನ್ನುವ ಡಬ್ಬಿ ಮಾಡುವುದು ಇದನ್ನೇ. ಒಳಗೊಂದು ರಬ್ಬರ್ ಪೊರೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಪಂಪು ತಳ್ಳಿದಾಗ ಗಾಳಿ ಕುಗ್ಗಿ ಸ್ವಲ್ಪ ನೀರಿಗೆ ಜಾಗ ಕೊಡುತ್ತದೆ. ಪಂಪು ನಿಂತಾಗ ಅದನ್ನು ವಾಪಸ್ ತಳ್ಳುತ್ತದೆ. ಟಕ್ ಟಕ್ ಹೋಗಿ, ಒಂದಿಷ್ಟು ಹೊತ್ತಿಗೊಮ್ಮೆ ಓಡಿ ನಿಲ್ಲುವ ನಿಧಾನದ ಲಯ ಬರುತ್ತದೆ. ಪಂಪಿನ ಚರ್ ಚರ್ ಕೂಡ ಪೈಪಿಗೆ ಹೋಗುವ ಮೊದಲೇ ಇಲ್ಲಿ ಮೆತ್ತಗಾಗುತ್ತದೆ. ಪಂಪು ದಾಟಿದ ಮೇಲೆ, ಆ ಮೆತ್ತನೆ ಹೋಸಿನ ತುದಿಯಲ್ಲಿ ಇದನ್ನು ಕೂರಿಸಿ.

ಆದರೆ ಜನ ಇದರಿಂದ ಜಾಸ್ತಿ ಬಯಸುತ್ತಾರೆ. ಗಾಡಿಗಳಿಗೆ ಸಿಗುವ ಸಣ್ಣ ಡಬ್ಬಿ ಸುಮಾರು 0.7 ಲೀಟರಿನದು. ರಾತ್ರಿಯೆಲ್ಲ ಪಂಪಿಲ್ಲದೆ ಅಷ್ಟು ನೀರು ಸಿಗುತ್ತದೆ ಅಂದುಕೊಳ್ಳಬೇಡಿ. 55ರಿಂದ 40ಕ್ಕೆ ಇಳಿಯುವಾಗ ಅದು ಬಿಟ್ಟುಕೊಡುವುದು ಸುಮಾರು 150 ಮಿಲಿಲೀಟರ್, ಒಂದು ಸಣ್ಣ ಲೋಟ. ಬೆರಳು ತೊಳೆಯಬಹುದು. ಜಾಸ್ತಿ ಬೇಕಾದರೆ ದೊಡ್ಡ ಡಬ್ಬಿ ಹಾಕಬೇಕು. ಒಳಗಿನ ಗಾಳಿಯ ಅಳತೆಯೂ ಸರಿ ಇರಬೇಕು. ಪಂಪು ಆರಿಸಿ, ನಲ್ಲಿ ತೆರೆದು ಒತ್ತಡವೆಲ್ಲ ಹೋಗಲು ಬಿಡಿ. ಆಮೇಲೆ ಟಯರಿನ ಗೇಜು ಇಟ್ಟು ನೋಡಿ. ಪಂಪು ಮತ್ತೆ ಚಾಲೂ ಆಗುವ ಒತ್ತಡದಷ್ಟು, ಅಥವಾ ಅದಕ್ಕಿಂತ ತುಸು ಕಡಿಮೆ ಗಾಳಿ ಇರಲಿ. ಕಡಿಮೆಯಾದರೆ ಸೈಕಲ್ ಪಂಪಿನಲ್ಲೇ ತುಂಬಬಹುದು. ನಿಮ್ಮ ಪಂಪಿನ ಅಂಕಿಗಳು ಅದರ ಮೈಮೇಲಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತವೆ.

ಪಂಪಿನ ತಲೆಯಲ್ಲಿ ಪ್ರೆಶರ್ ಸರಿಮಾಡುವ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ. ಅದನ್ನು ತಿರುಗಿಸಿ ಸದ್ದು ಕಡಿಮೆ ಮಾಡುವ ಆಸೆ ಬರುತ್ತದೆ. ದಯವಿಟ್ಟು ಮುಟ್ಟಬೇಡಿ. ಒಂದು ಕಡೆ ತಿರುಗಿದರೆ ಟಕ್ ಟಕ್ ಜಾಸ್ತಿ, ಇನ್ನೊಂದು ಕಡೆ ತಿರುಗಿದರೆ ಪಂಪು ನಿಲ್ಲುವುದೇ ಇಲ್ಲ.

ನಡುರಾತ್ರಿಯ ಕೂಗಿಗೆ ಬರೋಣ. ಯಾರೂ ನಲ್ಲಿ ಮುಟ್ಟಿಲ್ಲ, ಆದರೂ ಒತ್ತಡ ಇಳಿದಿದೆ. ಎಲ್ಲೋ ನೀರು ಹೋಗುತ್ತಿದೆ ಅಂತ ಅರ್ಥ. ರಾತ್ರಿಗೆ ಒಂದೇ ಸಲ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಗೀಸರಿನ ಬಿಸಿ ನೀರು ತಣ್ಣಗಾಗುತ್ತಾ ಕುಗ್ಗಿದರೂ ಒತ್ತಡ ಇಳಿಯುತ್ತದೆ. ಗಂಟೆಗೆ ಎರಡು ಮೂರು ಸಲ ಅಂದರೆ ಹುಡುಕಲೇಬೇಕು. ಒಣ ಟಿಶ್ಯೂ ಕಾಗದ ಹಿಡಿದು ಒಂದೊಂದೇ ಜೋಡಣೆಯನ್ನು ಒರೆಸುತ್ತಾ ಹೋಗಿ. ಸಿಂಕಿನ ಕೆಳಗೆ, ಕಮೋಡಿನ ಹಿಂದಿನ ವಾಲ್ವು, ಗೀಸರಿನ ಪ್ರೆಶರ್ ವಾಲ್ವು, ಹೊರಗಿನ ನೀರಿನ ಹೋಸು ಜೋಡಿಸುವ ಬಾಯಿ. ಹೊರಗಡೆಯ ಶವರನ್ನು ಎಲ್ಲರೂ ಮರೆಯುತ್ತಾರೆ. ಅದರ ಹಿಡಿಯ ಗುಂಡಿ ಒತ್ತಿ ನೀರು ನಿಲ್ಲಿಸಿ, ನಲ್ಲಿಗಳನ್ನು ತೆರೆದೇ ಬಿಟ್ಟಿರುತ್ತಾರೆ.

ಎಲ್ಲೂ ಒದ್ದೆ ಇಲ್ಲವೇ? ಹಾಗಾದರೆ ನೀರು ಪಂಪಿನ ಮೂಲಕವೇ ಹಿಂದಕ್ಕೆ, ಟ್ಯಾಂಕಿಗೆ ಜಾರುತ್ತಿರಬಹುದು. ಇದಕ್ಕೊಂದು ಸುಲಭದ ಗುರುತು ಇದೆ. ಪಂಪು ಆರಿಸಿ ಹೊರಗಿನ ನೀರಿನ ಹೋಸು ಜೋಡಿಸಿದಾಗ, ನೀವು ತುಂಬಿಸದಿದ್ದರೂ ಟ್ಯಾಂಕಿನ ಮಟ್ಟ ತಾನಾಗಿ ಏರುತ್ತಿದ್ದರೆ ಪಂಪಿನೊಳಗಿನ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ಒಂದು ಮರಳಿನ ಕಣ ಸಾಕು. ತಲೆ ಬಿಚ್ಚಿ ತೊಳೆದರೆ ಸರಿಹೋಗಬಹುದು, ಇಲ್ಲವಾದರೆ ತಲೆಯ ಕಿಟ್ಟು ಬದಲಾಯಿಸಿ. ಅದನ್ನೆಲ್ಲ ಮಾಡುವವರೆಗೆ ಮಲಗುವ ಮುಂಚೆ ಪಂಪಿನ ಸ್ವಿಚ್ಚು ಆರಿಸಿ, ಒಂದು ಜಗ್ಗು ನೀರು ಇಟ್ಟುಕೊಳ್ಳಿ. ಸೋರುವ ಗಾಡಿಯಲ್ಲಿ ಇದು ಟ್ಯಾಂಕನ್ನೂ ಉಳಿಸುತ್ತದೆ.

ಇಷ್ಟೆಲ್ಲ ಆದಮೇಲೂ, ಪಂಪನ್ನು ಕೈಯಲ್ಲಿ ಎತ್ತಿ ಹಿಡಿದಾಗಲೂ ಅದು ಗರಗರ ಅನ್ನುತ್ತಿದ್ದರೆ ಆಗ ಪಂಪಿನ ಮೇಲೆ ಅನುಮಾನ ಪಡಿ. ಮೊದಲು ಜಾಲರಿ ಬಟ್ಟಲು ಬಿಚ್ಚಿ ತೊಳೆಯಿರಿ. ಕಸ ಕಟ್ಟಿದ್ದರೆ ಪಂಪು ಏದುಸಿರು ಬಿಡುತ್ತದೆ. ಬಟ್ಟಲಿನಲ್ಲಿ ನೀರಿನ ಜೊತೆ ಗುಳ್ಳೆಗಳು ಓಡುತ್ತಿವೆಯಾ ನೋಡಿ. ಎಳೆಯುವ ಕಡೆ ಜೋಡಣೆ ಸಡಿಲವಾದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಬಟ್ಟಲಿನ ಓ-ರಿಂಗ್, ಹೋಸಿನ ಕ್ಲಾಂಪು ನೋಡಿ. ಬ್ಯಾಟರಿ ಇಳಿದಿದ್ದರೂ ಸ್ವರ ಬದಲಾಗುತ್ತದೆ, ಮೋಟರು ನರಳುತ್ತದೆ. ಪಂಪು ಓಡುತ್ತಿರುವಾಗಲೇ ಅದರ ವೈರಿನಲ್ಲಿ ವೋಲ್ಟು ಅಳೆಯಿರಿ. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 11ಕ್ಕಿಂತ ಕೆಳಗೆ ತೋರಿಸಿದರೆ ವೈರು ಸಣ್ಣದು ಅಥವಾ ಜೋಡಣೆ ಕೆಟ್ಟಿದೆ. ಇದೆಲ್ಲ ಸರಿಯಿದ್ದೂ ಗರಗರ ಹೋಗದಿದ್ದರೆ ಬೇರಿಂಗ್ ಸವೆದಿದೆ, ಹೊಸದು ತನ್ನಿ. ತರುವಾಗ ನಲ್ಲಿಗೆ ತಕ್ಕಂತೆ ವೇಗ ಬದಲಿಸುವ, ಅಥವಾ ಒಳಗೇ ಬೈಪಾಸ್ (ಹೆಚ್ಚಾದ ನೀರನ್ನು ಹಿಂದಕ್ಕೆ ತಿರುಗಿಸುವ ದಾರಿ) ಇರುವ ಪಂಪನ್ನು ನೋಡಿ. ಅವುಗಳಲ್ಲಿ ಟಕ್ ಟಕ್ ಕಡಿಮೆ. ಕೆಲವಕ್ಕೆ ಅಕ್ಯುಮುಲೇಟರ್ ಬೇಡ ಅಂತ ಕೈಪಿಡಿಯಲ್ಲೇ ಬರೆದಿರುತ್ತದೆ, ಓದಿಕೊಳ್ಳಿ.

ನಿಮ್ಮ ಗಾಡಿಗೆ ನಾನು ಹೇಳುವ ಕ್ರಮ ಇದು. ಈ ವಾರ ಸ್ಕ್ರೂ ಸಡಿಲಿಸಿ, ಎರಡು ಹೋಸು ಹಾಕಿ. ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ಮುಂದಿನದು. ಒಂಚೂರು ಗುಂಯ್ ಉಳಿದರೆ ಉಳಿಯಲಿ ಬಿಡಿ. ಟ್ಯಾಂಕು ಬರಿದಾದಾಗ ಆ ಸ್ವರ ತೆಳ್ಳಗಾಗಿ ಮೇಲೇರುತ್ತದೆ, ಪಂಪು ನಿಲ್ಲದೆ ಓಡುತ್ತದೆ. ನಮ್ಮ ಗಾಡಿಯಲ್ಲಿ ಅದು ಕೇಳಿಸಿದ ಕೂಡಲೇ ಒಬ್ಬರು ಸ್ವಿಚ್ಚಿನ ಕಡೆ ಓಡುತ್ತೇವೆ, ಇನ್ನೊಬ್ಬರು ಸ್ನಾನಕ್ಕೆ ಹೋದವರಿಗೆ "ಸೋಪು ಹಚ್ಚಬೇಡಿ" ಅಂತ ಕೂಗುತ್ತೇವೆ.